ಇಪ್ಪತ್ತು ಕಿಲೊದ ಆಚೆ ಈಚೆ

ನಿಲಂಗಾ ಮತ್ತು ಉದಗೀರ 1956ರ ತನಕ ಬೀದರ ಜಿಲ್ಲೆಯ ತಾಲೂಕುಗಳು. ಆಮೇಲೆ ಉಸ್ಮಾನಾಬಾದಿಗೆ ಹೋದವು, 1982ರಲ್ಲಿ ಲಾತೂರ ಬೇರೆ ಜಿಲ್ಲೆಯಾದಾಗ ಅದರ ಪಾಲಿಗೆ ಬಂದವು. ಉಮರ್ಗಾ ಮಾತ್ರ ಇದ್ದಲ್ಲೇ ಇದೆ, ಜಿಲ್ಲೆಯ ಹೆಸರು ಈಗ ಧಾರಾಶಿವ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂದು ಬದುಕುವ ಮನೆಗಳು ಈ ಮೂರೂ ತಾಲೂಕುಗಳಲ್ಲಿ ಇವೆ. ಇಲ್ಲಿ ಮಾತಾಡುವ ಇಬ್ಬರೂ ಅಂಥ ಮನೆಯವರು. ಒಬ್ಬರು ಈ ಊರುಗಳ ಕೋರ್ಟಿನಲ್ಲಿ ಆರೋಪಿಗಳ ಪರ ನಿಲ್ಲುವ ವಕೀಲರು. ಇನ್ನೊಬ್ಬರು ಪಂಚನಾಮೆ ಬರೆದೂ ಬರೆದೂ ನಿವೃತ್ತರಾದ ಪೊಲೀಸ್ ಜಮಾದಾರರು. ಕಟಕಟೆಯ ಆಚೆ ಈಚೆ ಎಷ್ಟೋ ಸಲ ಜಗಳಾಡಿದವರು, ಈಗ ಬೀಗರ ಮನೆಯ ಲಗ್ನದಲ್ಲಿ ಊಟದ ಪಂಕ್ತಿ ಕಾಯುತ್ತ ಕೂತಿದ್ದಾರೆ.

ಜಮಾದಾರ: ನಿಮ್ಮ ಗಾಂಜಾದವ ಹೊರಗ ಬಂದಾನಂತಲ್ರೀ ವಕೀಲ್ ಸಾಹೇಬ್ರ. ನಾವು ಹಿಡೀಬೇಕು, ನೀವು ಬಿಡಿಸಬೇಕು. ಛಲೋ ಉದ್ಯೋಗ.

ವಕೀಲ: ಜಾಮೀನಿನ ಮ್ಯಾಲ ಬಂದಾನ ಜಮಾದಾರ್ರೆ, ಖುಲಾಸೆ ಆಗಿ ಅಲ್ಲ. ಎರಡು ತೊಗರಿ ರಾಶಿ ಮುಗಿದ ಮ್ಯಾಲ ಬಂದಾನ. ಅಷ್ಟು ದಿನದಾಗ ಅವನ ಕೇಸಿನೊಳಗ ಒಬ್ಬ ಸಾಕ್ಷಿದಾರನೂ ಕಟಕಟೆ ಹತ್ತಿಲ್ಲ.

ಜಮಾದಾರ: ಹಂಗಂದ್ರ ಗಾಂಜಾ ಏನು ಆಕಾಶದಿಂದ ಉದುರ್ತದೇನು? ಆಂಧ್ರ–ಒಡಿಶಾ ಗಡಿಯ ಗುಡ್ಡದಾಗ ಹೊಂಟ ಮಾಲು ಹೈದರಾಬಾದ್, ಜಹೀರಾಬಾದ್, ಹುಮನಾಬಾದ್ ದಾಟಿ ಇದೇ 65ನೇ ನಂಬರ್ ಹೆದ್ದಾರಿ ಹಿಡಿದು ಉಮರ್ಗಾ ಮ್ಯಾಲ ಹಾಯ್ದು ಸೋಲಾಪುರಕ್ಕ, ಪುಣೆಗೆ ಹೋಗ್ತದ. ಅದು ಸಾಲದು ಅಂತ ಇಲ್ಲೂ ತೊಗರಿ ಸಾಲಿನ ನಡುವ, ಕಬ್ಬಿನ ಹೊಲದಾಗ ಬೆಳೀತಾರ. 2022ರ ಸೆಪ್ಟೆಂಬರಿನ್ಯಾಗ ಏನಾಯ್ತು? ನಮ್ಮ ತುರೋರಿ ಕಡೆ ಗಡಿ ಹೊಲಕ್ಕ ದಾಳಿಗೆ ಬಂದ ಕಲಬುರಗಿ ಗ್ರಾಮೀಣ ಸರ್ಕಲ್ ಇನ್‌ಸ್ಪೆಕ್ಟರ್ ಶ್ರೀಮಂತ ಇಲ್ಲಾಳರನ್ನ ಗುಂಪು ಕಟ್ಟಿ ಹೊಡೆದ್ರು. ವಿಮಾನದಾಗ ಹಾಕಿ ಬೆಂಗಳೂರಿಗೆ ಒಯ್ಯಬೇಕಾಯ್ತು. ಆ ರಾತ್ರಿ ಅಲ್ಲಿ ನಿಂತು ನಿಮ್ಮ ಮಾದಕ ವಸ್ತು ಕಾಯ್ದೆ ಎನ್‌ಡಿಪಿಎಸ್‌ನ ಕಲಂ 50 ಓದಿ ಹೇಳಬೇಕಿತ್ತೇನು?

ವಕೀಲ: ಗಾಂಜಾ ಇಲ್ಲ ಅಂತ ನಾ ಯಾವಾಗ ಅಂದೀನಿ? ಕಲಬುರಗಿ ಜಿಲ್ಲೆಯ ಕುರಿ ಫಾರ್ಮಿನ ನೆಲದಡಿ 2020ರಾಗ 1,350 ಕಿಲೊ ತೆಗೆದದ್ದು ನೆನಪದ, ಅದಕ್ಕೂ ಬೆಂಗಳೂರಿನ ಪೊಲೀಸರೇ ಬರಬೇಕಾಯ್ತು. ನಮ್ಮ ಚಾಕೂರ ತಾಲೂಕಿನ ರೋಹಿಣಾದಾಗ 2025ರ ಏಪ್ರಿಲ್‌ನಾಗ ಕೇಂದ್ರದ ಕಂದಾಯ ಗುಪ್ತಚರ ದಳ ಡಿಆರ್‌ಐದವ್ರು ಎಂಡಿ ಅನ್ನೋ ಮಾದಕ ವಸ್ತುವಿನ ಕಾರ್ಖಾನೆ ಹಿಡಿದ್ರು, 11 ಕಿಲೊ ಮ್ಯಾಲ ಮಾಲು. ಸಿಕ್ಕವರೊಳಗ ಒಬ್ಬ ಪೊಲೀಸನೂ ಇದ್ದ, ಅದು ಬ್ಯಾರೆ ಮಾತು. ಮಾಲು ಖರೆ ಇರ್ತದ. ಆ ಮಾಲಿನ ಬಾಜೂಕ ನಿಲ್ಲಿಸಿ ಫೋಟೊ ತೆಗೆಸಿದ್ದು ಯಾರನ್ನ, ಮಾಲಿಗೆ ಬರೆದ ತೂಕ ಎಷ್ಟು, ನನ್ನ ತಕರಾರು ಅಷ್ಟೇ.

ಜಮಾದಾರ: ನಾವೇ ಕಿಸೆಯೊಳಗ ಇಟ್ಟು ನಾವೇ ತೆಗೀತೀವಿ ಅಂತ ಹೇಳ್ರಲ್ಲ ಮತ್ತ ಸೀದಾ.

ವಕೀಲ: ಅಂಥಾದ್ದೂ ಆಗ್ಯದ. 2024ರ ಆಗಸ್ಟ್ ಕೊನೆಗೆ ಮುಂಬೈದ ಕಲೀನಾದಾಗ ಒಬ್ಬನ್ನ ತಪಾಸ ಮಾಡುವಾಗ ಖಾರ್ ಠಾಣೆಯ ಪೊಲೀಸ ಅವನ ಕಿಸೆಯೊಳಗ ಏನೋ ತುರುಕೋದು ಸಿಸಿಟಿವಿಯೊಳಗ ಬಂತು. ಒಬ್ಬ ಪಿಎಸ್‌ಐ, ಮೂವರು ಕಾನ್‌ಸ್ಟೇಬಲ್, ನಾಲ್ವರೂ ಅಮಾನತು. ಆ ಗೋಡೆ ಮ್ಯಾಲ ಕ್ಯಾಮೆರಾ ಇಲ್ಲದಿದ್ರ ಆ ಮನುಷ್ಯಾ ಇವತ್ತು ಎಲ್ಲಿರ್ತಿದ್ದ ಹೇಳ್ರಿ. ಇನ್ನೊಂದು ಗುಜರಾತಿಂದು. 1996ರಾಗ ಪಾಲನಪುರದ ಹೋಟೆಲ್ ಖೋಲಿಯೊಳಗ ಅಫೀಮು ಸಿಕ್ತು ಅಂತ ರಾಜಸ್ಥಾನದ ಒಬ್ಬ ವಕೀಲನ ಮ್ಯಾಲ ಕೇಸು ಹಾಕಿದ್ರು. ಅಫೀಮು ಇಡಿಸಿದವ್ರು ಪೊಲೀಸರೇ ಅಂತ ಹೇಳಿ ಆಗಿನ ಬನಾಸಕಾಂಠಾ ಎಸ್‌ಪಿ ಸಂಜೀವ್ ಭಟ್‌ಗೆ ಸೆಷನ್ಸ್ ಕೋರ್ಟು 20 ವರ್ಷ ಶಿಕ್ಷೆ ಕೊಟ್ಟಿದ್ದು 2024ರ ಮಾರ್ಚ್‌ನಾಗ.

ಜಮಾದಾರ: ಆ ಭಟ್ ಸಾಹೇಬ್ರು ಸರಕಾರದ ವಿರುದ್ಧ ಮಾತಾಡಿದ್ದಕ್ಕ ಸೇಡು ತೀರಿಸಿಕೊಂಡ್ರು ಅಂತಾರಲ್ಲ ಜನ?

ವಕೀಲ: ಅಂತಾರ. ಅವರೂ ಆರೋಪ ಒಪ್ಪಿಲ್ಲ. ನನಗ ಅದರೊಳಗ ಕಾಣೋದು ಒಂದೇ: ಘಟನೆ 1996, ತೀರ್ಪು 2024. 28 ವರ್ಷ. ಅದೂ ಸಿಕ್ಕಿಬಿದ್ದವ ವಕೀಲ ಇದ್ದ, ಕಾಯ್ದೆ ಗೊತ್ತಿತ್ತು. ಟೆಂಪೋದ ಕ್ಲೀನರ್ ಇದ್ದಿದ್ರ? ಖರೆ ಹೇಳಬೇಕಂದ್ರ ಜಮಾದಾರ್ರೆ, ನಮ್ಮ ಕಡೆ ಮಾಲು ಇಟ್ಟು ಹಿಡಿಯೋದು ಕಡಿಮಿ. ಅದರ ಗರಜೇ ಬೀಳೋದಿಲ್ಲ. ಇದ್ದ ಮಾಲನ್ನೇ ಬ್ಯಾರೆಯವನ ಹೆಸರಿಗೆ, ಬ್ಯಾರೆ ತೂಕಕ್ಕ ಬರೆದ್ರ ಸಾಕು.

ಜಮಾದಾರ: ಮಾಲು ಇಟ್ಟ ಪೊಲೀಸನಿಗೆ ನಿಮ್ಮ ಕಾಯ್ದೆಯೊಳಗ ಶಿಕ್ಷೆ ಇಲ್ಲೇನು?

ವಕೀಲ: ಕಲಂ 58 ಅದ. ಕಾರಣ ಇಲ್ಲದ ತಪಾಸ ಮಾಡಿದ್ರ, ಸುಳ್ಳೇ ಸತಾಯಿಸಲಿಕ್ಕ ಹಿಡಿದ್ರ ಆ ಅಧಿಕಾರಿಗೆ ಹೆಚ್ಚಂದ್ರ ಆರು ತಿಂಗಳು, ಇಲ್ಲಾ 1,000 ರೂಪಾಯಿ ದಂಡ. ಬೇಕಂತ ಸುಳ್ಳು ಸುದ್ದಿ ಕೊಟ್ಟು ಹಿಡಿಸಿದವಗ ಎರಡು ವರ್ಷ. ಆ ಕಡೆ ಹಿಡಿಸಿಕೊಂಡವನ ಮುಂದ 20 ವರ್ಷ ನಿಂತಿರ್ತದ. ಈ ಕಲಂ 58 ನಮ್ಮ ಮೂರು ಕೋರ್ಟಿನ್ಯಾಗ ಯಾರಿಗಾದ್ರೂ ಹತ್ತಿದ್ದು ನಾ ಕಂಡಿಲ್ಲ.

ಜಮಾದಾರ: ಆದ್ರೂ ಎನ್‌ಡಿಪಿಎಸ್ ಒಂದೇ ಕಾಯ್ದೆ ನೋಡ್ರಿ, ನಮ್ಮ ಸಾಹೇಬರಿಗೆ ಧೈರ್ಯ ಕೊಡ್ತಿದ್ದದ್ದು. ಕಳವು ಮಾಡಿದವ ಸಂಜಿಕ ಜಾಮೀನು ತಗೊಂಡು ಅದೇ ಬಸ್ ಸ್ಟ್ಯಾಂಡಿನ್ಯಾಗ ಚಹಾ ಕುಡೀತಾನ. ಇದರೊಳಗ ಹಂಗಿಲ್ಲ.

ವಕೀಲ: ಹಂಗಿಲ್ಲ ಅನ್ನೋದೇ ರೋಗ. ಕಲಂ 37 ಏನು ಹೇಳ್ತದ? ಮಾಲು ವಾಣಿಜ್ಯ ಪ್ರಮಾಣದ್ದಾಗಿದ್ರ, ಈ ಮನುಷ್ಯಾ ತಪ್ಪಿತಸ್ಥ ಅಲ್ಲ ಅಂತ ನಂಬಲಿಕ್ಕ ಕಾರಣ ಇರಬೇಕು, ಹೊರಗ ಹೋಗಿ ಮತ್ತ ಅಪರಾಧ ಮಾಡೋದಿಲ್ಲ ಅಂತ ಜಡ್ಜ್ ಸಾಹೇಬರಿಗೆ ಅನ್ನಿಸಬೇಕು, ಆಗ ಜಾಮೀನು. ಒಬ್ಬ ಸಾಕ್ಷಿ ಬಾಯಿ ಬಿಟ್ಟಿಲ್ಲ, ಪ್ರಯೋಗಾಲಯದ ಕಾಗದ ಬಂದಿಲ್ಲ, ಆಗಲೇ ನಿರಪರಾಧಿ ಅಂತ ತೋರಿಸು ಅಂತಾರ. ಮ್ಯಾಲ ಕಲಂ 35, 54. ಮಾಲು ನಿನ್ನ ಹತ್ರ ಸಿಕ್ತು ಅಂದ್ರ ಗೊತ್ತಿದ್ದೇ ಇಟ್ಕೊಂಡಿದ್ದಿ ಅಂತ ಕೋರ್ಟು ಹಿಡ್ಕೋತದ, ಅಲ್ಲ ಅಂತ ತೋರಿಸೋ ಹೊರಿ ನಿನ್ನ ಮ್ಯಾಲ. ದೋಷಾರೋಪ ಪಟ್ಟಿ ಹಾಕಲಿಕ್ಕೂ ಪೊಲೀಸರಿಗೆ 180 ದಿನ ಟೈಮು, ಸರಕಾರಿ ವಕೀಲ ಕೇಳಿಕೊಂಡ್ರ ಒಂದು ವರ್ಷದ ತನಕ. ಇಷ್ಟೆಲ್ಲಾ ಬಾಗಿಲು ತೆರೀಬೇಕಾದ್ರ ಕೀಲಿ ಒಂದೇ: ತೂಕ.

ಜಮಾದಾರ: ಗಾಂಜಾಕ್ಕ 20 ಕಿಲೊ.

ವಕೀಲ: 20 ಕಿಲೊ. ಕಾಯ್ದೆ ಬಂದಿದ್ದು 1985ರಾಗ, ಆಗ ಚಿಟಿಕಿಗೂ ಮೂಟಿಗೂ ಒಂದೇ ಅಳತಿ ಇತ್ತು. ಅದು ಅನ್ಯಾಯ ಅಂತ 2001ರಾಗ ತೂಕ ನೋಡಿ ಶಿಕ್ಷೆ ಅಂತ ತಿದ್ದಿದ್ರು. ಈಗ ಒಂದು ಕಿಲೊದ ಒಳಗಿದ್ರ ಒಂದು ವರ್ಷದ ತನಕ, 20ರ ಒಳಗಿದ್ರ ಹತ್ತು ವರ್ಷದ ತನಕ, 20 ದಾಟಿತು ಅಂದ್ರ ಹತ್ತಕ್ಕ ಕಡಿಮಿ ಇಲ್ಲ, 20ರ ತನಕ. ಜಾಮೀನಿಗೆ ಕಲಂ 37 ಅಡ್ಡ ಬರೋದೂ 20 ದಾಟಿದ ಮ್ಯಾಲೇ. 19 ಕಿಲೊ 900 ಗ್ರಾಂದವ ಮನಿಗೆ ಹೋಗಬಹುದು, 20 ಕಿಲೊ 100 ಗ್ರಾಂದವ ವರ್ಷಾನುಗಟ್ಟಲೆ ಒಳಗ ಕೂಡಬಹುದು. ಅನ್ಯಾಯ ತಪ್ಪಿಸಲಿಕ್ಕ ಮಾಡಿದ ತಿದ್ದುಪಡಿ, ಎಲ್ಲಾ ಭಾರ ಕಾಟಾದವನ ಕೈಯಾಗ ಕೊಟ್ಟು ಕುಂತದ. ಈಗ ಹೇಳ್ರಿ, ಹೊಲದಾಗ ಗಿಡ ಸಿಕ್ಕಾಗ ತೂಗೋದು ಹ್ಯಾಂಗ?

ಜಮಾದಾರ: ನಿಮಗ ಗೊತ್ತಿಲ್ಲೇನು?

ವಕೀಲ: ಗೊತ್ತದ. ನಿಮ್ಮ ಬಾಯಿಂದ ಕೇಳಬೇಕು. ಕಟಕಟೆಯೊಳಗ ಎಂದೂ ಹೇಳಲಿಲ್ಲ ನೀವು.

ಜಮಾದಾರ: ಇಲ್ಲಿ ಪ್ರಮಾಣ ಮಾಡಿಸಿಲ್ಲಲ್ಲ, ಹೇಳ್ತೀನಿ. ಸುದ್ದಿ ಬರ್ತದ. ಜಿಲ್ಲಾ ಕ್ರೈಂ ಬ್ರಾಂಚ್ ಎಲ್‌ಸಿಬಿದವ್ರೋ ನಾವೋ ಜೀಪ್ ತಗೊಂಡು ಹೋಗ್ತೀವಿ. ಮಳಿಗಾಲ ಮುಗಿಯೋ ಹೊತ್ತು, ಕರಿ ಮಣ್ಣು, ಬೂಟು ಮ್ಯಾಲ ಏಳೋದಿಲ್ಲ. ಗಿಡ ಆಳುದ್ದ ಇರ್ತಾವ. ಕುಡಗೋಲಿಲೆ ಕೊಯ್ದ್ರ ಬೇರು ಎಲ್ಲದ, ಗಿಡ ಅಲ್ಲೇ ಬೆಳೆದಿತ್ತೋ ಇಲ್ಲೋ ಅಂತ ನೀವೇ ಕೇಳ್ತೀರಿ. ಅದಕ್ಕ ಬೇರು ಸಹಿತ ಕೀಳ್ತೀವಿ. ಬೇರಿಗೆ ಹತ್ತಿದ ಮಣ್ಣು ಝಾಡಿಸಿದಷ್ಟು ಝಾಡಿಸ್ತೀವಿ. ಊರಿನ ಕಿರಾಣಿ ಅಂಗಡಿಯವನ್ನ ಎಬ್ಬಿಸಿ ಎಲೆಕ್ಟ್ರಾನಿಕ್ ಕಾಟಾ ತರಸ್ತೀವಿ. ಸಕ್ಕರಿ, ಬ್ಯಾಳಿ ತೂಗೋ ಕಾಟಾ, ಅದರ ಮ್ಯಾಲ ಆಳುದ್ದ ಗಿಡ ಹ್ಯಾಂಗ ಕೂಡಬೇಕು? ಮುರಿದು, ಮಡಚಿ ಚೀಲದಾಗ ತುಂಬಿ ತೂಗ್ತೀವಿ. ಕಾಂಡ, ಬೇರು, ಎಲಿ, ಹೂವು ಎಲ್ಲಾ ಕೂಡಿ ಬಂದ ತೂಕ ಬರ್ಕೋತೀವಿ. ಬ್ಯಾಟರಿ ಬೆಳಕಿನ್ಯಾಗ ಹೂವೊಂದೇ ಆರಿಸಿ ಕೂಡಲಿಕ್ಕ ಅದೇನು ಮಲ್ಲಿಗಿ ಮೊಗ್ಗೇನು?

ವಕೀಲ: ಕಾಯ್ದೆಯೊಳಗ ಗಾಂಜಾ ಅಂದ್ರ ಹೂವಿನ, ಕಾಯಿನ ತುದಿ. ಬೀಜ, ಎಲಿ ತುದಿ ಜೊತಿ ಇಲ್ಲದಿದ್ರ ಅವು ಗಾಂಜಾ ಲೆಕ್ಕಕ್ಕ ಇಲ್ಲ. ಕಾಂಡ, ಬೇರಿನ ಹೆಸರೇ ಅಲ್ಲಿಲ್ಲ. ಇದೇ ಮಾತಿನ ಮ್ಯಾಲ ಬಾಂಬೆ ಹೈಕೋರ್ಟು ಎಷ್ಟೋ ಜಾಮೀನು ಕೊಟ್ಟದ. ನೀವು 60 ಕಿಲೊ ಅಂತ ಬರೆದದ್ದರೊಳಗ ತುದಿ ಎಷ್ಟು? ಆರೋ ಎಂಟೋ ಇರಬಹುದು, ಯಾರಿಗೂ ಗೊತ್ತಿಲ್ಲ, ಯಾಕಂದ್ರ ಯಾರೂ ತೂಗಿಲ್ಲ. ಇನ್ನೊಂದು ನೋಡ್ರಿ. ಬೆಳೆದವಗ ಹಚ್ಚಬೇಕಾದ್ದು ಕಲಂ 20(ಎ), ಹತ್ತು ವರ್ಷದ ತನಕ, ಅದಕ್ಕ ತೂಕದ ಕಟ್ಟೇ ಇಲ್ಲ. ಆದ್ರ ಅದರ ಜೊತಿಗೆ ವಾಣಿಜ್ಯ ಪ್ರಮಾಣದ ಕಲಮೂ ಸೇರಿಸಿ ಬಿಡ್ತೀರಿ, ಜಾಮೀನು ಆಗಬಾರದು ಅಂತ.

ಜಮಾದಾರ: ಮ್ಯಾಲಿಂದ ಹೇಳ್ತಾರ, ನಾವು ಸೇರಸ್ತೀವಿ. ನೀವೇನು ಕಡಿಮಿ ಅದೀರೇನು? ಹಸಿ ಗಿಡ 60 ಕಿಲೊ ಇರ್ತದ, ಜಪ್ತಿ ಮಾಲು ಇಡೋ ಮುದ್ದೆಮಾಲ್ ಖೋಲಿಯೊಳಗ ಒಂದು ಬ್ಯಾಸಿಗಿ ಕಳೆದ್ರ 15 ಆಗ್ತದ. ಒಣಗಿದ್ದು ಅಂತ ನಿಮಗೂ ಗೊತ್ತು. ಆದ್ರ ಕೋರ್ಟಿನ್ಯಾಗ ಎದ್ದು ನಿಂತು ಉಳಿದ 45 ಕಿಲೊ ಜಮಾದಾರ ಮಾರಿಕೊಂಡಾನ ಅಂತೀರಿ!

ವಕೀಲ: ಅಂದೀನಿ. ಇನ್ನೂ ಅಂತೀನಿ. ಸುಪ್ರೀಂ ಕೋರ್ಟು 2016ರಾಗ ಮೋಹನ್‌ಲಾಲ್ ಕೇಸಿನ್ಯಾಗ ಏನು ಹೇಳ್ತು? ಮಾಲು ಹಿಡಿದ ಮ್ಯಾಲ ತಡ ಮಾಡಬ್ಯಾಡ್ರಿ, ಮ್ಯಾಜಿಸ್ಟ್ರೇಟರ ಮುಂದ ಒಯ್ಯಿರಿ, ಅವರ ಎದುರೇ ಪಟ್ಟಿ ಮಾಡಿ ಮಾದರಿ ತೆಗೀರಿ, ಠಾಣೆಯೊಳಗ ಕೊಳೀಲಿಕ್ಕ ಬಿಡಬ್ಯಾಡ್ರಿ. ಹಂಗ ಮಾಡಿದ್ರ ಒಣಗಿತೋ ಹೋಯ್ತೋ ಅನ್ನೋ ವಾದವೇ ಇಲ್ಲ. ಮಾಡದಿದ್ರ ಮಥುರಾದ ಹಂಗ ಆಗ್ತದ. 581 ಕಿಲೊ ಗಾಂಜಾ ಇಲಿ ತಿಂದವು ಅಂತ 2022ರಾಗ ಅಲ್ಲಿಯ ಪೊಲೀಸರು ಕೋರ್ಟಿಗೇ ಬರೆದುಕೊಟ್ರು.

ಜಮಾದಾರ: (ನಕ್ಕು) ಓದೀನಿ. ಆ ಇಲಿಗಳ ಮ್ಯಾಲ ಕಲಂ 20 ಹಚ್ಚಿದ್ರೇನು?

ವಕೀಲ: ಅವು ವಾಣಿಜ್ಯ ಪ್ರಮಾಣ ತಿಂದಾವ, ಜಾಮೀನು ಸಿಗೋದಿಲ್ಲ. ನಗೋದು ಇರಲಿ. ಆ ಹೊಲ ಯಾರದ್ದು ಅಂತ ಹ್ಯಾಂಗ ನಿಕಾಲಿ ಮಾಡ್ತೀರಿ?

ಜಮಾದಾರ: ತಲಾಠಿ ಕಡಿಂದ ಹೊಲದ ದಾಖಲೆ, ಸಾತ್‌ಬಾರಾ ಉತಾರೆ ತರಸ್ತೀವಿ. ಅದರೊಳಗ ಯಾರ ಹೆಸರು ಅದ, ಅವರು ಆರೋಪಿ.

ವಕೀಲ: ಅದರೊಳಗ ತೀರಿಹೋದ ಮುತ್ಯಾನ ಹೆಸರು ಇರ್ತದ. ನಾಲ್ಕು ಮಂದಿ ಅಣ್ಣತಮ್ಮಂದಿರ ಹೆಸರು ಇರ್ತದ. ಒಬ್ಬ ಪುಣೆದಾಗ ಕಂಪನಿ ಕೆಲಸ, ಒಬ್ಬ ಸಕ್ಕರಿ ಕಾರ್ಖಾನಿಗೆ ಕಬ್ಬು ಕಡೀಲಿಕ್ಕ ಹೋದವ. ಹೊಲ ಪಾಲಿಗೆ ಮಾಡಿದವ ಯಾವನೋ ಮೂರನೇಯವ, ಅವನ ಹೆಸರು ಯಾವ ಕಾಗದದಾಗೂ ಇಲ್ಲ. ದಾಳಿ ದಿನ ಅವ ಓಡ್ತಾನ. ಊರಾಗ ಇದ್ದ ಒಬ್ಬ ತಮ್ಮ, ಎಮ್ಮಿಗೆ ಮೇವು ಹಾಕ್ಕೋತ ನಿಂತವ ಸಿಕ್ಕಿಬೀಳ್ತಾನ. ಲಾರಿದಾಗೂ ಇದೇ ಕಥಿ. ಮಾಲಿಕ ಸಿಗೋದಿಲ್ಲ, ಕೊಟ್ಟವ ಸಿಗೋದಿಲ್ಲ, ತಗೋಳೋನು ಸಿಗೋದಿಲ್ಲ. ದಿನಗೂಲಿ ಮ್ಯಾಲ ಹತ್ತಿದ ಕ್ಲೀನರ್ ಹುಡುಗ ಸಿಗ್ತಾನ. ನಮ್ಮ ಕಡಿ ಜೇಲಿನ್ಯಾಗ ಹೋಗಿ ನೋಡ್ರಿ, ಗಾಂಜಾದ ಧಣಿಗಳು ಎಷ್ಟು ಮಂದಿ ಸಿಗ್ತಾರ, ಕ್ಲೀನರು ಎಷ್ಟು ಮಂದಿ ಸಿಗ್ತಾರ.

ಜಮಾದಾರ: ಖರೆ ಕಳ್ಳನೂ ನಿಮ್ಮ ಕೈಯಾಗ ಬಿಡುಗಡೆ ಆಗ್ಯಾನಲ್ಲ? ಕಾಗದದ ತಪ್ಪು ತೋರಿಸಿ?

ವಕೀಲ: ಆಗ್ಯಾನ. ಇಲ್ಲ ಅನ್ನೋದಿಲ್ಲ. ಕಲಂ 50ರ ಮಾತು ಆಗಲೇ ತೆಗೆದ್ರಿ ನೀವು. ಮೈ ತಪಾಸ ಮಾಡೋ ಮುಂಚೆ, ಗೆಜೆಟೆಡ್ ಅಧಿಕಾರಿ ಇಲ್ಲಾ ಮ್ಯಾಜಿಸ್ಟ್ರೇಟ್ ಎದುರು ತಪಾಸ ಮಾಡಿಸಿಕೊಳ್ಳೋ ಹಕ್ಕು ನಿನಗ ಅದ ಅಂತ ಹೇಳಬೇಕು. 1999ರಾಗ ಬಲದೇವ್ ಸಿಂಗ್ ಕೇಸಿನ್ಯಾಗ ಸುಪ್ರೀಂ ಕೋರ್ಟಿನ ಐದು ಮಂದಿ ನ್ಯಾಯಮೂರ್ತಿಗಳು ಕುಂತು ಇದನ್ನ ಹೇಳಲೇಬೇಕು ಅಂದ್ರು. ಶಿಕ್ಷೆ ಇಷ್ಟು ಕಠಿಣ ಇದ್ರ ಕಾಗದವೂ ಅಷ್ಟೇ ಕಠಿಣ ಇರಬೇಕಲ್ಲ. ಆ ಒಂದು ಮಾತು ಹೇಳಲಿಕ್ಕ ಎಷ್ಟು ಹೊತ್ತು ಬೇಕು? ಅದನ್ನೂ ಹೇಳದೇ ಪಂಚನಾಮೆಯೊಳಗ ಹೇಳೀವಿ ಅಂತ ಬರೀತೀರಿ. ಎಲ್ಲಾ ಪಂಚನಾಮೆಯೊಳಗ ಅದೇ ವಾಕ್ಯ, ಅದೇ ಶಬ್ದ, ಅದೇ ಅಲ್ಪವಿರಾಮ. ಆರೋಪಿ ಹೆಸರೊಂದು ಬದಲು.

ಜಮಾದಾರ: ರಾತ್ರಿ ಎರಡಕ್ಕ ತಹಶೀಲ್ದಾರ್ ಸಾಹೇಬ್ರು ಬರ್ತಾರೇನು? ಪಂಚರೇ ಸಿಗೋದಿಲ್ಲ. ಯಾರು ಕೋರ್ಟಿಗೆ ಅಲೆದಾಡಬೇಕು ಅಂತ ಊರಾಗಿನವ್ರು ಬಾಗಿಲು ಹಾಕ್ಕೋತಾರ. ಅದಕ್ಕ ನಗರ ಪರಿಷತ್ತಿಗೆ, ಕೃಷಿ ಆಫೀಸಿಗೆ ಪತ್ರ ಬರೆದು ಇಬ್ಬರು ನೌಕರರನ್ನ ಕರ್ಕೊಂಡು ಹೋಗ್ತೀವಿ. ಸರಕಾರಿ ಮನುಷ್ಯಾ ಆದ್ರ ಸಾಕ್ಷಿ ಹೇಳೋ ಹೊತ್ತಿಗೆ ಉಲ್ಟಾ ಹೊಡಿಯೋದಿಲ್ಲ ಅಂತ. ಅವರೂ ಏನು ಮಾಡ್ತಾರ, ಜೀಪಿನ್ಯಾಗ ಕುಂತು ಸಹಿ ಮಾಡಿ ಕೊಡ್ತಾರ.

ವಕೀಲ: ಪಂಚನಾಮೆ ಯಾವ ಭಾಷಾದಾಗ?

ಜಮಾದಾರ: ಮರಾಠಿ. ಇನ್ಯಾವ ಭಾಷಾ?

ವಕೀಲ: ಹಿಡಿದ ಹುಡುಗ ಬಸವಕಲ್ಯಾಣದ ಕಡಿಯವ, ಭಾಲ್ಕಿ ಕಡಿಯವ. ಕನ್ನಡ ಬಿಟ್ರ ನಾಲ್ಕು ಮಾತು ಹಿಂದಿ. ಕೆಳಗ ಅವನ ಹೆಬ್ಬೆಟ್ಟು. ವಾಚಿಸಿ ತೋರಿಸಲಾಯಿತು, ಸರಿ ಇದೆ ಅಂತ ಮರಾಠಿಯೊಳಗ ಬರೆದಿರ್ತದ. ಈಗ ಕೇಳ್ರಿ. 2025ರ ನವೆಂಬರಿನ್ಯಾಗ ಸುಪ್ರೀಂ ಕೋರ್ಟು ಮಿಹಿರ್ ರಾಜೇಶ್ ಶಾ ಕೇಸಿನ್ಯಾಗ ತೀರ್ಪು ಕೊಟ್ಟದ. ಮುಂಬೈದ ಕಾರು ಅಪಘಾತದ ಕೇಸು ಅದು, ಗಾಂಜಾಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದ್ರ ತೀರ್ಪು ಎಲ್ಲಾ ಅಪರಾಧಕ್ಕೂ ಅನ್ವಯ. ಯಾಕ ಬಂಧಿಸೀವಿ ಅಂತ ಬರವಣಿಗಿಯೊಳಗ ಕೊಡಬೇಕು, ಬಂಧಿತನಿಗೆ ತಿಳಿಯೋ ಭಾಷಾದಾಗ ಕೊಡಬೇಕು, ರಿಮಾಂಡಿಗೆ ಒಯ್ಯೋ ಎರಡು ತಾಸು ಮುಂಚೆನಾದ್ರೂ ಕೊಡಬೇಕು.

ಜಮಾದಾರ: ಅಂದ್ರ ಉಮರ್ಗಾ ಠಾಣೆಯೊಳಗ ಕನ್ನಡ ಕಾಗದ?

ವಕೀಲ: ಹೌದು.

ಜಮಾದಾರ: ಯಾರು ಬರೀಬೇಕು? ನನ್ನನ್ನೇ ತಗೋರಿ. ಮನ್ಯಾಗ ಹುಟ್ಟಿದಾಗಿಂದ ಕನ್ನಡ. ಸಾಲಿ ಕಲಿತದ್ದು ಮರಾಠಿ. ಜಮಾದಾರನ ಕೈಲೆ ಒಂದು ಕನ್ನಡ ಅರ್ಜಿ ಬರೆಸ್ರಿ ನೋಡೋಣ, ಒಂದು ಸಾಲಿನ್ಯಾಗ ಹತ್ತು ತಪ್ಪು. ಆದ್ರ ಬಾಯಿಲೆ ಹೇಳಬಲ್ಲೆ. ಕನ್ನಡದಾಗ ತಿಳಿಸಿ ಹೇಳಿದ್ರ ಆ ಹುಡುಗ ಏನಂತಾನ ಗೊತ್ತೇನು? ಸಾಹೇಬ್ರ, ತಹಶೀಲ್ದಾರರನ್ನ ಕರೀರಿ ಅಂತಾನ. ಹೇಳದಿರೋದಕ್ಕ ಅದೂ ಒಂದು ಕಾರಣ.

ವಕೀಲ: ನೋಡ್ರಿ, ಬಾಯಿಗೆ ಬಂತು. ಗಡಿಯಾಗಿನ ಹುಡುಗಗ ಇನ್ನೊಂದು ಪೆಟ್ಟು ಜಾಮೀನು ಆದ ಮ್ಯಾಲ. ಸ್ಥಳೀಯ ಜಾಮೀನುದಾರ ಬೇಕು ಅಂತಾರ. ಅವನ ಸೋದರಮಾವನ ಹೊಲ ಎರಡು ಹರದಾರಿ ಆಚೆ, ಆದ್ರ ಅದು ಕರ್ನಾಟಕದ ಪಹಣಿ, ಇಲ್ಲಿಯ ಸಾತ್‌ಬಾರಾ ಅಲ್ಲ. ಆದೇಶ ಆಗ್ಯದ, ಕೈಯಾಗ ಕಾಗದ ಅದ, ಆದ್ರ ಜೇಲಿನ್ಯಾಗೇ ಇದ್ದಾನ. ಸ್ಥಳೀಯ ಜಾಮೀನುದಾರನೇ ಬೇಕು ಅಂತ ಹಟ ಹಿಡೀಬ್ಯಾಡ್ರಿ ಅಂತ ಸುಪ್ರೀಂ ಕೋರ್ಟು 2023ರ ಜನವರಿಯೊಳಗೇ ಸೂಚಿಸ್ಯದ. ಕೆಳಗಿನ ಕೋರ್ಟು ಜಾಮೀನು ಕೊಡದಿದ್ರ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠಕ್ಕ ಹೋಗಬೇಕು. ಉದಗೀರದವಗ ಬೀದರ ಕೂಗಳತಿ, ಔರಂಗಾಬಾದ್ ರಾತ್ರಿ ಬಸ್ಸು. ಅಲ್ಲಿ ವಕೀಲನ ಫೀಸಿಗೆ ಎಮ್ಮಿ ಮಾರಾಟ ಆಗ್ತದ, ಆಮ್ಯಾಲ ತಾಳಿ ಗಿರವಿ. ದೇಶದ ಜೇಲಿನ್ಯಾಗ 2022ರ ಕೊನೆಗೆ ಇದ್ದ 5,73,220 ಮಂದಿಯೊಳಗ 4,34,302 ಮಂದಿ ವಿಚಾರಣಾಧೀನರು. ನಾಲ್ವರಾಗ ಮೂವರು. ಶಿಕ್ಷೆ ಆಗಿದ್ದಿಲ್ಲ, ಆದ್ರೂ ಒಳಗ.

ಜಮಾದಾರ: ಪ್ರಯೋಗಾಲಯದ ರಿಪೋರ್ಟ್ ಬೇಗ ಬಂದ್ರ ಅರ್ಧ ತಲಿಬ್ಯಾನಿ ಹೋಗ್ತದ. ಪಾರ್ಸಲ್ ಕಳಿಸಿ ತಿಂಗಳುಗಟ್ಟಲೆ ಕಾಯಬೇಕು.

ವಕೀಲ: ಕೇರಳದ ಚಾಲಕುಡಿಯೊಳಗ 2023ರಾಗ ಬ್ಯೂಟಿ ಪಾರ್ಲರ್ ನಡೆಸೋ ಒಬ್ಬ ಹೆಣ್ಣಮಗಳ ಬ್ಯಾಗಿನ್ಯಾಗ ಎಲ್‌ಎಸ್‌ಡಿ ಸಿಕ್ತು ಅಂತ ಅಬಕಾರಿಯವ್ರು ಹಿಡಿದ್ರು. 72 ದಿನ ಜೇಲು. ಆಮ್ಯಾಲ ರಿಪೋರ್ಟ್ ಬಂತು, ಅದು ಎಲ್‌ಎಸ್‌ಡಿನೇ ಅಲ್ಲ. ಬಾಂಬೆ ಹೈಕೋರ್ಟಿನ 2022ರ ಕೇಸು ಅದಕ್ಕಿಂತ ವಿಚಿತ್ರ. ಪ್ರಯೋಗಾಲಯದವ್ರ ಟೈಪಿಂಗ್ ತಪ್ಪಿನಿಂದ ಇಲ್ಲ ಅನ್ನೋದು ಅದ ಅಂತಾಗಿ, ಒಬ್ಬ ನೈಜೀರಿಯಾದವ ಸುಮಾರು ಎರಡು ವರ್ಷ ಒಳಗಿದ್ದ. ಕೋರ್ಟು 2 ಲಕ್ಷ ಪರಿಹಾರ ಕೊಡ್ರಿ ಅಂತು. ಉತ್ತರ ಪ್ರದೇಶದಾಗ ಇನ್ನೊಬ್ಬ, 1,280 ಗ್ರಾಂ ಕಂದು ಪುಡಿ ಹೆರಾಯಿನ್ ಅಂತ 2023ರ ಜನವರಿಯೊಳಗ ಹಿಡಿದ್ರು. ಅದೇ ತಿಂಗಳು ರಿಪೋರ್ಟ್ ಬಂತು, ಹೆರಾಯಿನ್ ಅಲ್ಲ. ಬಿಟ್ರೇನು? ಎರಡನೇ ಮಾದರಿ ಬ್ಯಾರೆ ಲ್ಯಾಬಿಗೆ ಕಳಿಸಿದ್ರು. ಅಲ್ಲೂ ಅಲ್ಲ ಅಂತ ಬಂತು. ಬಿಡುಗಡೆ ಏಪ್ರಿಲ್‌ನಾಗ. ಅಲಹಾಬಾದ್ ಹೈಕೋರ್ಟು, ಅವನ್ನ ಹಿಡಿದಿದ್ದ ಕೇಂದ್ರದ ಮಾದಕ ವಸ್ತು ದಳ ಎನ್‌ಸಿಬಿಗೆ 5 ಲಕ್ಷ ಕೊಡಲಿಕ್ಕ ಹೇಳ್ತು.

ಜಮಾದಾರ: ಕೊಟ್ರೇನು?

ವಕೀಲ: 2025ರ ಫೆಬ್ರುವರಿಯೊಳಗ ಸುಪ್ರೀಂ ಕೋರ್ಟು ಆ ಆದೇಶ ತೆಗೆದುಹಾಕ್ತು. ಜಾಮೀನು ಅರ್ಜಿ ಕೇಳೋ ಕೋರ್ಟು ಪರಿಹಾರ ಕೊಡಲಿಕ್ಕ ಬರೋದಿಲ್ಲ, ಬೇಕಾದ್ರ ಅವ ಬ್ಯಾರೆ ದಾರಿ ಹಿಡೀಲಿ ಅಂತ. ಕಾನೂನಿನ ಲೆಕ್ಕಕ್ಕ ತಪ್ಪಲ್ಲ ಅದು. ಆದ್ರ ಆ ಬ್ಯಾರೆ ದಾರಿ ಎಲ್ಲದ? ಸುಳ್ಳು ಕೇಸಿನ್ಯಾಗ ಸಿಕ್ಕವರಿಗೆ ಪರಿಹಾರಕ್ಕ ಒಂದು ಕಾಯ್ದೆ ಮಾಡ್ರಿ ಅಂತ ಕಾನೂನು ಆಯೋಗ 2018ರ ತನ್ನ 277ನೇ ವರದಿಯೊಳಗ ಹೇಳ್ಯದ. ವರದಿ ಕಪಾಟಿನ್ಯಾಗ ಅದ. ಅಮೆರಿಕದ ಮ್ಯಾಸಚೂಸೆಟ್ಸಿನ್ಯಾಗ ಒಬ್ಬ ಲ್ಯಾಬ್ ನೌಕರಳು ಪರೀಕ್ಷೆ ಮಾಡದೇ ರಿಪೋರ್ಟ್ ಬರೆದಿದ್ದು ಬಯಲಾದ ಮ್ಯಾಲ 2017ರಾಗ 21,587 ಡ್ರಗ್ ಕೇಸು ಒಮ್ಮೆಲೇ ವಜಾ ಮಾಡಿದ್ರು. ಅಲ್ಲಿ ತಪ್ಪು ಆಗೋದಿಲ್ಲ ಅಂತ ಅಲ್ಲ, ಆದದ್ದನ್ನ ಎಣಿಸ್ತಾರ. ನಮ್ಮಲ್ಲಿ ಎಣಿಸೋರೂ ಇಲ್ಲ.

ಜಮಾದಾರ: ನಾ ಒಂದು ಮಾತು ಹೇಳ್ತೀನಿ. ತಿಂಗಳ ಕೊನೆಗೆ ಎಸ್‌ಪಿ ಆಫೀಸಿಗೆ ಮಾಸಿಕ ವರದಿ ಹೋಗ್ತದ, ಎನ್‌ಡಿಪಿಎಸ್ ಎಷ್ಟು ಅಂತ ಒಂದು ಖಾನೆ. ಸೊನ್ನಿ ಇದ್ರ ಬೈಗಳ. ಆಗ ಹುಡುಗರು ಏನು ಮಾಡ್ತಾರ? ಗುಡಿ ಹಿಂದ ಚಿಲುಮಿ ಸೇದೋ ಸಾಧುನ್ನೋ, ಭಿಕ್ಷುಕನ್ನೋ ಹಿಡಿದು ತರ್ತಾರ. ಖಾನೆ ತುಂಬತದ. ಮಾಲು ತರೋ ಲಾರಿ ಅತ್ತ ಹೆದ್ದಾರಿ ಮ್ಯಾಲ ದಾಟಿ ಹೋಗ್ತದ. ಆ ಖಾನೆ ತೆಗೆದ್ರ ನಿಮ್ಮ ಅರ್ಧ ಕೇಸು ಹುಟ್ಟೋದೇ ಇಲ್ಲ.

ವಕೀಲ: ಈ ಮಾತು ಕೋರ್ಟಿನ್ಯಾಗ ಹೇಳಿದ್ರ ಎಷ್ಟು ಪುಣ್ಯ ಬರ್ತಿತ್ತು.

ಜಮಾದಾರ: ಪಿಂಚಣಿ ಬರ್ತಿರಲಿಲ್ಲ.

ವಕೀಲ: ಚಿಲುಮಿ ಸೇದೋನನ್ನ ಜೇಲಿಗೆ ಹಾಕಬ್ಯಾಡ್ರಿ, ಚಿಕಿತ್ಸೆಗೆ ಕಳಿಸ್ರಿ ಅನ್ನೋದು ಹೊಸಾ ಮಾತಲ್ಲ. ಇದೇ ಕಾಯ್ದೆಯ ಕಲಂ 64ಎ ಒಳಗೇ ಅದಕ್ಕ ದಾರಿ ಅದ, ಉಪಯೋಗ ಮಾಡೋರಿಲ್ಲ. 2020ರ ಡಿಸೆಂಬರಿನ್ಯಾಗ ವಿಶ್ವಸಂಸ್ಥೆ ಗಾಂಜಾವನ್ನ ಭಾಳ ಅಪಾಯದ ಪಟ್ಟಿಯಿಂದ ತೆಗೀಬೇಕೋ ಬ್ಯಾಡೋ ಅಂತ ಮತಕ್ಕ ಹಾಕ್ತು. ತೆಗೀಬೇಕು ಅಂತ 27 ದೇಶ, ಬ್ಯಾಡ ಅಂತ 25. ನಮ್ಮ ದೇಶ ತೆಗೀಬೇಕು ಅನ್ನೋ ಕಡೆ ಕೈ ಎತ್ತಿತು. ಅಲ್ಲಿ ಕೈ ಎತ್ತಿ, ಇಲ್ಲಿ ಸಾಧುನ ಕೈಗೆ ಬೇಡಿ.

ಜಮಾದಾರ: ಈಗ ಹೊಸಾ ದಂಡ ಪ್ರಕ್ರಿಯೆ ಕಾಯ್ದೆ ಬಂದದಲ್ಲ, 2024ರ ಜುಲೈದಿಂದ. ತಪಾಸ, ಜಪ್ತಿ ಎಲ್ಲಾ ವಿಡಿಯೊ ಮಾಡಬೇಕಂತ. ಮೊಬೈಲಿನ್ಯಾಗ ಇ-ಸಾಕ್ಷ್ಯ ಅಂತ ಆ್ಯಪ್ ಹಾಕಿ ಕೊಟ್ಟಾರಂತ ನಮ್ಮ ಹುಡುಗರಿಗೆ.

ವಕೀಲ: ಆ ಹೊಸಾ ಕಾಯ್ದೆಯ ಕಲಂ 105. ನನಗ ಅದರ ಮ್ಯಾಲ ಭಾಳ ಭರೋಸಾ ಅದ, ಖಾರ್ ಠಾಣೆ ಕಥಿ ಕೇಳಿದ್ರಲ್ಲ. ಆದ್ರ ವಿಡಿಯೊ ಶುರು ಮಾಡೋದು ಯಾವಾಗ ಅನ್ನೋದು ಪೊಲೀಸನ ಬೆರಳಿನ ಮ್ಯಾಲ ಅದ. ಚೀಲ ಬಿಚ್ಚಿದ ಮ್ಯಾಲ ಶುರು ಆದ್ರ ಏನು ಬಂತು? ಕಾಟಾ ಸೊನ್ನಿಗೆ ಬಂದದ್ದು ಕಾಣಬೇಕು, ಗಿಡ ಇಟ್ಟಿದ್ದು ಕಾಣಬೇಕು, ತೂಕದ ಅಂಕಿ ಕಾಣಬೇಕು, ಆ ಹುಡುಗಗ ಅವನ ಭಾಷಾದಾಗ ಹೇಳಿದ್ದು ಕೇಳಬೇಕು. ನೀವು ಕಲಂ 37 ತೆಗೆದುಹಾಕ್ರಿ ಅಂತ ನಾ ಕೇಳೋದಿಲ್ಲ. ಸಂಸತ್ತು ತೆಗೆಯೋದೂ ಇಲ್ಲ. 2023ರಾಗ ಮೊಹಮ್ಮದ್ ಮುಸ್ಲಿಂ ಕೇಸಿನ್ಯಾಗ ನ್ಯಾಯಮೂರ್ತಿ ರವೀಂದ್ರ ಭಟ್ ಅವರು ವಿಚಾರಣೆ ಹಿಂಗ ಎಳೆದ್ರ ಕಲಂ 37 ಇದ್ರೂ ಜಾಮೀನು ಕೊಡಬಹುದು ಅಂತ ಬಾಗಿಲು ಸ್ವಲ್ಪ ತೆರೆದ್ರು. ಆ ಹೊತ್ತಿಗೆ ಆ ಮನುಷ್ಯಾ ಏಳು ವರ್ಷದ ಮ್ಯಾಲ ಒಳಗಿದ್ದ. ಅಷ್ಟು ದಿನ ಕಾಯಲಿಕ್ಕ ನಮ್ಮ ಕಡಿ ಮಂದಿಗೆ ಆಗೋದಿಲ್ಲ. ನನ್ನ ಜಗಳ ಎಲ್ಲಾ ಮೊದಲನೇ ರಾತ್ರಿದ್ದು. ಆ ರಾತ್ರಿ ಬರೆದ ಆರು ಹಾಳಿ ಖರೆ ಇದ್ರ ಖರೆ ಕಳ್ಳ ನನ್ನ ಕೈಲೂ ತಪ್ಪಿಸಿಕೊಳ್ಳೋದಿಲ್ಲ, ಎಮ್ಮಿಗೆ ಮೇವು ಹಾಕೋನು ನಿಮ್ಮ ಕೈಗೆ ಸಿಗೋದಿಲ್ಲ.

ಜಮಾದಾರ: ಈಗ ಯಾವ ಕೇಸು ಹಿಡ್ಕೊಂಡು ಕುಂತೀರಿ?

ವಕೀಲ: ಉದಗೀರ ಕೋರ್ಟಿನ್ಯಾಗ ಒಂದು ಜಾಮೀನು ಅರ್ಜಿ ಅದ. ಒಣ ಗಾಂಜಾ. ಕೂಲಿ ಹುಡುಗ, ಟೆಂಪೋದ ಹಿಂದ ಮಲಗಿದ್ದ. ಡ್ರೈವರ್ ಓಡಿ ಹೋದ. ಪಂಚನಾಮೆ ಪ್ರಕಾರ 21 ಕಿಲೊ 100 ಗ್ರಾಂ. ಕಲಂ 42 ನೋಡಿದೆ, 50 ನೋಡಿದೆ, 52ಎ ನೋಡಿದೆ. ಎಲ್ಲಾ ಕಾಗದ ನೀಟಾಗಿ ಅವ. ಬರೆದವ ನಿಮ್ಮ ಶಿಷ್ಯನೇ ಇರಬೇಕು.

ಜಮಾದಾರ: ಎಷ್ಟು ಚೀಲ?

ವಕೀಲ: ಮೂರು.

ಜಮಾದಾರ: ಪ್ಲಾಸ್ಟಿಕ್ಕೋ, ಗೋಣಿಯೋ?

ವಕೀಲ: ಗೋಣಿ. ಯಾಕ?

ಜಮಾದಾರ: ಬಾರದಾನ ಕಳೆದಾರೇನು?

ವಕೀಲ: ಅಂದ್ರ?

ಜಮಾದಾರ: ಇಷ್ಟು ವರ್ಷ ನನ್ನನ್ನ ಕಟಕಟೆಯೊಳಗ ನಿಲ್ಲಿಸಿ ಸೀಲಿನ ಬಣ್ಣ ಕೇಳಿದ್ರಿ, ಅರಗು ಕೇಳಿದ್ರಿ, ಜೀಪಿನ ನಂಬರ್ ಕೇಳಿದ್ರಿ. ಚೀಲದ ತೂಕ ಒಮ್ಮೆನೂ ಕೇಳಲಿಲ್ಲ. ಉದಗೀರ ಅಡತಿಗೆ ತೊಗರಿ ಒಯ್ದ್ರ ಅಡತ್ಯಾ ಮೊದಲು ಮಾಡೋದು ಏನು? ಬಾರದಾನ ಕಳೀತಾನ. ಹಳೇ ಗೋಣಿಚೀಲ ಒಂದೊಂದು ಅರ್ಧ ಕಿಲೊದ ಮ್ಯಾಲೇ ಇರ್ತದ. ಮೂರು ಚೀಲಕ್ಕ ಎಷ್ಟಾಯ್ತು? ಪಂಚನಾಮೆಯೊಳಗ ಚೀಲಾ ಸಹಿತ ಅಂತ ಬರೆದದೋ, ನಿವ್ವಳ ಅಂತ ಬರೆದದೋ ನೋಡ್ರಿ. ಏನೂ ಬರೆದಿಲ್ಲ ಅಂದ್ರ ಕಾಟಾದವನನ್ನ ಕರೆಸ್ರಿ. ಅವಗ ಪೊಲೀಸರ ಹೆದರಿಕಿ ಇರಬಹುದು, ಆದ್ರ ಬಾರದಾನ ಕಳೆದಿಲ್ಲ ಅಂತ ತುಂಬಿದ ಕೋರ್ಟಿನ್ಯಾಗ ಹೇಳಲಿಕ್ಕ ಯಾವ ವ್ಯಾಪಾರಿಗೂ ನಾಚಿಕಿ ಬರ್ತದ. ತಡವರಿಸ್ತಾನ, ಅಲ್ಲೇ ಹಿಡೀರಿ.

ವಕೀಲ: ಹಂಗಾದ್ರ 20ರ ಒಳಗ ಬರ್ತದ. ಕಲಂ 37 ಹೋಯ್ತು.

ಜಮಾದಾರ: ಹೋಗ್ಲಿಲ್ಲ ಇನ್ನೂ. ಆ ಮೂರು ಚೀಲ ಮುದ್ದೆಮಾಲ್ ಖೋಲಿಯೊಳಗ ಸಾಬೂತು ಅವೋ ಇಲ್ಲೋ ಮೊದಲು ಅರ್ಜಿ ಹಾಕಿ ನೋಡ್ಕೋರಿ. ಇಲಿ ಗಾಂಜಾ ತಿಂತಾವೋ ಇಲ್ಲೋ ನಾ ಹೇಳಲಾರೆ. ಗೋಣಿಚೀಲ ಮಾತ್ರ ತಿಂತಾವ, ಅದನ್ನ ನಾ ಕಣ್ಣಾರೆ ಕಂಡೀನಿ.